ಹನ್ನೊಂದು ಒಂದುಗಳು

ಟ್ಯೂಬಿನ ತೂತು ಸಿಗುತ್ತಿರಲಿಲ್ಲ. ಸಿದ್ರಾಯ ಅದನ್ನು ಮೂರು ಸಲ ತೊಟ್ಟಿಯ ನೀರಿಗೆ ಅದುಮಿ, ಗೇಣುಗೇಣಾಗಿ ಸರಿಸುತ್ತ ಪೂರ್ತಿ ಸುತ್ತು ತಿರುಗಿಸಿದ್ದ. ಒಂದು ಗುಳ್ಳೆಯೂ ಎದ್ದಿರಲಿಲ್ಲ. ಆದರೂ ಲಾರಿಯ ಗಾಲಿ ಬೆಳಗಾಗುವುದರೊಳಗೆ ನೆಲಕ್ಕೆ ಕೂತಿತ್ತು. ಡ್ರೈವರ್ ಪಕ್ಕದಲ್ಲಿ ನಿಂತು ಇವನ ಕೈಯನ್ನು ನೋಡದೆ ಮುಖವನ್ನು ನೋಡುತ್ತಿದ್ದ. ಹಾಗೆ ಮುಖ ನೋಡುವವರನ್ನು ಕಂಡರೆ ಸಿದ್ರಾಯನಿಗೆ ಕಿವಿಯ ಬುಡ ಬಿಸಿಯಾಗುತ್ತದೆ. ಯಮಕನಮರಡಿಯ ಈ ಹೆದ್ದಾರಿ ಬದಿಯ ಅಂಗಡಿಯಲ್ಲಿ ಐದು ವರ್ಷದಿಂದ ಪಂಕ್ಚರ್ ತೆಗೆಯುತ್ತಿದ್ದಾನೆ. ಆಗುವುದಿಲ್ಲವೆಂದು ಒಂದು ಗಾಲಿಯನ್ನೂ ವಾಪಸು ಕಳಿಸಿದವನಲ್ಲ. ಇವತ್ತೇ ಹೀಗಾಗಬೇಕೆ? "ವಾಲ್ ನೋಡಿಯೇನೊ?" ಎಂದ ಡ್ರೈವರ್. ಗಾಳಿ ತುಂಬುವ ಆ ವಾಲಿಗೆ ಸಿದ್ರಾಯ ಉಗುಳು ಹಚ್ಚಿದ. ಅಲ್ಲೇ ಎದ್ದಿತು, ಸಾಸಿವೆಯಷ್ಟು ಗುಳ್ಳೆ. "ಊರೆಲ್ಲಾ ಹುಡಿಕಿ, ಬಾಗಿಲಾ ಬಿಟ್ಟಿ ನೋಡ," ಎಂದು ಡ್ರೈವರ್ ನಕ್ಕ. ಸಿದ್ರಾಯ ನಗಲಿಲ್ಲ. ವಾಲ್ ಬದಲಿಸುವಾಗ ಪಾನಾ ಜಾರಿ ಬೆರಳಿನ ಗೆಣ್ಣು ಕಿತ್ತುಬಂತು; ರಕ್ತವನ್ನು ಪ್ಯಾಂಟಿಗೆ ಒರೆಸಿ, ಗೋಡೆಯ ಮೊಳೆಗೆ ತೂಗುಹಾಕಿದ್ದ ಚೀಲದ ಕಡೆಗೆ ನೋಡಿದ. ಚೀಲದೊಳಗೆ ಇನ್ನೂರು ಪುಟದ ನೋಟ್‌ಬುಕ್ ಇತ್ತು. ರಕ್ತದ ಕೈಯಲ್ಲಿ ಅದನ್ನು ಮುಟ್ಟುವಂತಿಲ್ಲ ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೇ ಸಿಟ್ಟು ಬಂತು.

ಅಶೋಕ ಬೈಕಿನ ಹಾರ್ನು ಬಿಡದೆ ಒತ್ತುತ್ತ ಬಂದು ಅಂಗಡಿಯ ಮುಂದೆ ನಿಂತ. ಒಂಬತ್ತನೆಯ ತರಗತಿಯವರೆಗೆ ಒಂದೇ ಬೆಂಚಿನಲ್ಲಿ ಕೂತವನು. ಈಗ ಮೂಡಲಗಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ.

"ಏ ನೂರಾಹನ್ನೊಂದ್ಯಾ, ಹೊಂಟಿಯೊ ಇಲ್ಲೊ? ಮಾಸ್ತರ ಹತ್ತ ಗಂಟೇದ ಟ್ಯೂಷನ್ ಬ್ಯಾಚ್ ಸುರು ಮಾಡಿರತಾರ."

"ಹಂಗ ಕರೀಬ್ಯಾಡ ಅಂದಿಲ್ಲೇನ್ ನಿನಗ?"

"ಇವತ್ತೊಂದಿನ ಕರೀತೇನಿ ತಡಿಯಲೇ. ನಾಳಿಂದ ಸಿದ್ರಾಯಪ್ಪನವರು ಬರ್ರಿ ಅಂತೇನಿ. ಗ್ರೂಪ್‌ನ್ಯಾಗ ಇಪ್ಪತ್ತಾರ ಮಂದಿ ಕಾಯಾಕತ್ತಾರ, ಮುಂಜಾನಿಂದ ಒಂದಽ ಸವನ ಮೆಸೇಜ್."

ಗ್ರೂಪಿನಲ್ಲಿ ಬರೆದವನು ಸಿದ್ರಾಯನೇ. ಹಳೆಯ ತರಗತಿಯವರ ಗ್ರೂಪು. ಯಾರೋ ಕೂಸಿನ ಜಾವಳದ ಫೋಟೊ ಹಾಕಿದ್ದರು, ಅದರ ಕೆಳಗೆ ಯಾರೋ 'ನೂರಾಹನ್ನೊಂದು ಬಂದಿದ್ದನೇನು ಊಟಕ್ಕ' ಎಂದು ಕೇಳಿದ್ದರು, ಇಪ್ಪತ್ತು ಮಂದಿ ನಗುವ ಮುಖ ಒತ್ತಿದ್ದರು. ಹತ್ತು ವರ್ಷ. ಹೆಸರಿಟ್ಟವನಿಗೂ ಕರೆಯುವವನಿಗೂ ಅದು ಹೆಸರಷ್ಟೇ. ಇವನು ಅಂಗಡಿಯ ಟೈರುಗಳ ಮಧ್ಯೆ ಕೂತು ಒಂದೊಂದೇ ಅಕ್ಷರ ಒತ್ತಿದ್ದ: ಹನ್ನೊಂದು ಒಂದುಗಳ ಸಂಖ್ಯೆ ಯಾವುದಕ್ಕೂ ಭಾಗವಾಗುವುದಿಲ್ಲ. ಒಂದೂವರೆ ವರ್ಷ ಭಾಗಿಸಿ ನೋಡಿದ್ದೇನೆ. ಬರುವ ರವಿವಾರ ಈಶ್ವರ ಮಾಸ್ತರರ ಮುಂದೆ ವಹಿ ಇಡುತ್ತೇನೆ. ನಾನು ತಪ್ಪಿದರೆ ಸಾಯುವವರೆಗೆ ಆ ಹೆಸರಿನಿಂದಲೇ ಕರೆಯಿರಿ. ಸರಿಯಿದ್ದರೆ ಒಬ್ಬನ ಬಾಯಲ್ಲೂ ಅದು ಮತ್ತೆ ಬರಬಾರದು. ಒಬ್ಬ ಕೇಳಿದ, ಮೊಬೈಲಿಗೆ ಕೇಳಿದರ ಒಂದ ಸೆಕೆಂಡಿನ್ಯಾಗ ಹೇಳತೈತಲ್ಲಲೇ. ಯಾರೂ ಮೊಬೈಲಿಗೆ ಕೇಳಬಾರದು ಎಂದು ಸಿದ್ರಾಯ ಬರೆದ. ಅವರು ಕೇಳಲಿಲ್ಲ, ಕೇಳಿದರೆ ಆಟ ಕೆಡುತ್ತದೆಂದು ಅವರಿಗೂ ಗೊತ್ತಿತ್ತು. ಅವರಿಗೆ ಅದು ಆಟ.

ಬೈಕು ಪಾಶ್ಚಾಪುರ ದಾಟಿತು. ಸಿದ್ರಾಯ ನೋಟ್‌ಬುಕ್ಕನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿಟ್ಟುಕೊಂಡಿದ್ದ. ಅದರ ಅಂಚು ಪಕ್ಕೆಲುಬಿಗೆ ಚುಚ್ಚುತ್ತಿತ್ತು. ಒಂಬತ್ತನೆಯ ತರಗತಿಯ ಆ ದಿನವೂ ಹೊಟ್ಟೆಯಲ್ಲಿ ಹೀಗೇ ಏನೋ ಚುಚ್ಚುತ್ತಿತ್ತು, ಬೆಳಿಗ್ಗೆ ಉಂಡಿರಲಿಲ್ಲ. ಯಾವುದಕ್ಕೂ ಭಾಗವಾಗದ ಸಂಖ್ಯೆಯನ್ನು ಒಬ್ಬೊಬ್ಬರೂ ಒಂದೊಂದು ಹೇಳಿ ಎಂದಿದ್ದರು ಮಾಸ್ತರು. ಮುಂದಿನ ಬೆಂಚಿನವರು ಏಳು, ಹನ್ನೊಂದು, ಹದಿಮೂರು, ಹತ್ತೊಂಬತ್ತು ಎಂದು ಸಣ್ಣವನ್ನೆಲ್ಲ ಖಾಲಿ ಮಾಡಿದರು. ಕೊನೆಯ ಬೆಂಚಿಗೆ ಬರುವ ಹೊತ್ತಿಗೆ ಉಳಿದದ್ದೇನು? ಎದ್ದು ನಿಂತಾಗ ಇವನ ಕಣ್ಣಿಗೆ ಕಟ್ಟಿದ್ದು ನೆಟ್ಟಗೆ ನಿಂತ ಮೂರು ಗೆರೆ. ನುಣ್ಣಗೆ, ಸಂದಿಲ್ಲದೆ, ಬೆರಳು ತೂರಿಸಲು ಎಲ್ಲೂ ಜಾಗವಿಲ್ಲದೆ. "ನೂರಾಹನ್ನೊಂದು ಸರ." ಎಷ್ಟು ಧೈರ್ಯದಿಂದ ಹೇಳಿದ್ದ! ಮಾಸ್ತರು ಕನ್ನಡಕ ತೆಗೆದು ಟವೆಲಿನಿಂದ ಒರೆಸಿಕೊಂಡರು. "ಮೂವತ್ತೇಳ ಮೂರಲೆ ಎಷ್ಟೊ? ಕುರಿ ಎಣಸೂ ಮನಿತನದಾಗ ಹುಟ್ಟಿ ಮೂರರ ಮಗ್ಗಿ ಬರಂಗಿಲ್ಲಂದ್ರ ಕುರಿನಽ ಚಲೋ ಬಿಡ." ತರಗತಿ ಒಂದೇ ಗಂಟಲಿನಿಂದ ನಕ್ಕಿತು. ಅಶೋಕನೂ ನಕ್ಕಿದ್ದ, ಅವನ ಭುಜ ಇವನ ಭುಜಕ್ಕೆ ತಾಗಿ ಅಲುಗಿದ್ದು ಈಗಲೂ ಗೊತ್ತಾಗುತ್ತದೆ, ಈಗ ಬೈಕಿನ ಹಿಂದೆ ಅದೇ ಭುಜ ಹಿಡಿದು ಕೂತಿದ್ದಾನೆ. ಸಿದ್ರಾಯ ತಿಂಗಳೊಳಗೆ ಶಾಲೆ ಬಿಟ್ಟ. ಅಪ್ಪ ಬೀರಸಿದ್ದಪ್ಪ ಏನೂ ಕೇಳಲಿಲ್ಲ, ಕುರಿಯ ಹಿಂದೆ ಹೋಗಲು ಒಂದು ಕೋಲು ಕೊಟ್ಟ.

ಆ ಗೆರೆಗಳು ಮಾತ್ರ ಬಿಡಲಿಲ್ಲ. ನೂರಾಹನ್ನೊಂದು ಒಡೆಯಿತು, ಸರಿ. ಐದು ಒಂದು ಬರೆದರೆ? ಕುರಿ ಮೇಯಿಸುತ್ತ ಬಂಡೆಯ ಮೇಲೆ ಗೀಚಿ ಗೀಚಿ ನಾಲ್ಕನೆಯ ದಿನ ಸಿಕ್ಕಿತ್ತು: ನಲವತ್ತೊಂದು, ಇನ್ನೂರಾ ಎಪ್ಪತ್ತೊಂದು. ಏಳು ಒಂದಕ್ಕೆ ಒಂದು ಮಳೆಗಾಲವೇ ಬೇಕಾಯಿತು: 239, ಇನ್ನೊಂದು 4649. ನಾಲ್ಕು, ಆರು, ಎಂಟು, ಒಂಬತ್ತು, ಹತ್ತು ಒಂದುಗಳ ಗೊಡವೆ ಬೇಡ, ಅವು ಹುಟ್ಟಾ ಬಿರುಕಿನವು. ಎಣಿಕೆಯೇ ಭಾಗವಾಗುವಂಥದ್ದಾದರೆ ಸಾಲೂ ಭಾಗವಾಗುತ್ತದೆ. ಉಳಿದದ್ದು ಹನ್ನೊಂದು. 11111111111. ಬಾಯಿಬಿಟ್ಟು ಹೇಳಿದರೆ ಸಾವಿರದ ನೂರಾಹನ್ನೊಂದು ಕೋಟಿ, ಹನ್ನೊಂದು ಲಕ್ಷ, ಹನ್ನೊಂದು ಸಾವಿರದ ನೂರಾಹನ್ನೊಂದು. ತನ್ನ ಹೆಸರು ಅದರೊಳಗೇ ಎರಡು ಸಲ ಕೂತಿತ್ತು. ಆಮೇಲೆ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು, ಸೀಮೆಸುಣ್ಣದಿಂದ ನೆಲದ ಮೇಲೆ ಹಳೆಯ ಉತ್ತರಗಳನ್ನು ಸಾಲಾಗಿ ಬರೆದು ನೋಡುತ್ತಿದ್ದಾಗ ಎದೆ ಧಸಕ್ಕೆಂದಿತು. ಐದು ಒಂದನ್ನು ಒಡೆದ ಎರಡನ್ನೂ ಐದರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಏಳು ಒಂದನ್ನು ಒಡೆದ ಎರಡನ್ನೂ ಏಳರಿಂದ ಭಾಗಿಸಿದರೆ ಒಂದೇ ಉಳಿಯುತ್ತದೆ. ಹಾಗಾದರೆ ಹನ್ನೊಂದು ಒಂದನ್ನು ಒಡೆಯುವಂಥದ್ದು ಇದ್ದರೆ, ಹನ್ನೊಂದರಿಂದ ಭಾಗಿಸಿದಾಗ ಅದೂ ಒಂದನ್ನೇ ಉಳಿಸಬೇಕು. ಸರಿಸಂಖ್ಯೆಗಳು ಲೆಕ್ಕಕ್ಕಿಲ್ಲ. ಅಲ್ಲಿಗೆ ಇಪ್ಪತ್ತೆರಡರ ಹೆಜ್ಜೆ: ಒಂದು, ಇಪ್ಪತ್ಮೂರು, ನಲವತ್ತೈದು, ಅರವತ್ತೇಳು. ಒಂದು ಲಕ್ಷದ ಐದು ಸಾವಿರ ದಾಟಿದರೆ ಸಾಕು. ಎರಡು ಹೋಳಾಗುವುದಾದರೆ ಸಣ್ಣ ಹೋಳು ಅದರೊಳಗೇ ಇರಬೇಕು, ಅಲ್ಲಿಯವರೆಗೆ ಸಿಗದಿದ್ದರೆ ಮುಂದೆಯೂ ಸಿಗುವುದಿಲ್ಲ. ಯಾರಿಗೆ ಹೇಳುವುದು? ಲಾರಿಯೊಂದು ಬಂದು ಆ ಸಾಲುಗಳ ಮೇಲೇ ನಿಂತಿತು.

ಭಾಗಾಕಾರವೆಲ್ಲ ನೆಲದ ಮೇಲೆ, ರಟ್ಟಿನ ಮೇಲೆ, ಟೈರುಗಳ ಮೇಲೆ. ನೋಟ್‌ಬುಕ್ಕಿಗೆ ಬರುತ್ತಿದ್ದದ್ದು ಸಾಲಿಗೊಂದು ಸಂಖ್ಯೆ, ಅದರ ಮುಂದೆ ಉಳಿದ ಶೇಷ. ಪುಟಕ್ಕೆ ಇಪ್ಪತ್ನಾಲ್ಕು ಸಾಲು. ಮೊಬೈಲಿನ ಕ್ಯಾಲ್ಕುಲೇಟರನ್ನು ಮುಟ್ಟಿದವನಲ್ಲ. ಅದು ಶೇಷ ಹೇಳುವುದಿಲ್ಲ, ಚುಕ್ಕೆ ಹಾಕಿ ಬಾಲ ಬೆಳೆಸುತ್ತದೆ. ಕಳೆದ ದೀಪಾವಳಿಗೆ ತನ್ನೂರು ಕುಲಗೋಡಕ್ಕೆ ಹೋದಾಗಲೂ ನೋಟ್‌ಬುಕ್ ಜೊತೆಗಿತ್ತು. ಒಂದು ದಿನ ಕುರಿ ನೋಡಿಕೋ ಎಂದು ಹೇಳಿ ಅಪ್ಪ ಸಂತೆಗೆ ಹೋಗಿದ್ದ. ತೊಂಬತ್ತು ಸಾವಿರದ ಆಚೆಯ ಒಂದು ಭಾಗಾಕಾರ, ಶೇಷ ಎರಡು ಸಲ ಬೇರೆ ಬೇರೆ ಬಂದಿತ್ತು; ಮೂರನೆಯ ಸಲ ಮಾಡುತ್ತಿದ್ದ. ತಲೆ ಎತ್ತಿದಾಗ ಕುರಿಗಳು ಪಕ್ಕದ ಹೊಲದ ಜೋಳದ ಕೂಳೆಗೆ ನುಗ್ಗಿದ್ದವು. ಚಿಗಿತ ಕೂಳೆ ವಿಷ ಎಂಬುದು ಕುರುಬರ ಮನೆಯ ಹಾಲುಗಲ್ಲದ ಕೂಸಿಗೂ ಗೊತ್ತು. ಮೂರು ಕುರಿ ಬಾಯಲ್ಲಿ ನೊರೆ ಬಿಟ್ಟು ಕಾಲು ಝಾಡಿಸಿ ಸತ್ತವು, ಒಂದರ ಹೊಟ್ಟೆಯಲ್ಲಿ ಮರಿ. ಅವ್ವ ದುಂಡವ್ವ ಎದೆ ಬಡಿದುಕೊಂಡಳು. ಅಪ್ಪ ಗುಂಡಿ ತೋಡಿದ. ತೋಡುತ್ತ ತೋಡುತ್ತ ಒಮ್ಮೆ ನಿಂತು ಇವನ ಕೈಯ ನೋಟ್‌ಬುಕ್ಕನ್ನು ನೋಡಿದ, ಕಿತ್ತುಕೊಂಡು ಗುಂಡಿಗೆ ಹಾಕುತ್ತಾನೆ ಅನ್ನಿಸಿತ್ತು. ಹಾಕಿದ್ದರೆ ಎಷ್ಟು ಚೆನ್ನಾಗಿತ್ತು. ಅವನು ಮತ್ತೆ ತೋಡಿದ.

"ಇಳಿಯಲೇ, ಬಂತ," ಎಂದ ಅಶೋಕ.

ಗೋಕಾಕ ಫಾಲ್ಸಿನ ಹಳೆಯ ಮಿಲ್ಲಿನ ಹಿಂದಿನ ಓಣಿ. ಬಾಗಿಲ ಮುಂದೆ ಹದಿನೈದಿಪ್ಪತ್ತು ಜೊತೆ ಚಪ್ಪಲಿ, ಹೆಚ್ಚಿನವು ಹುಡುಗಿಯರವು. ಸಿದ್ರಾಯ ತನ್ನ ಬೂಟು ಬಿಚ್ಚಿದಾಗ ಗ್ರೀಸಿನ ಕಾಲ್ಚೀಲ ವಾಸನೆ ಹೊಡೆಯಿತು. ಅದನ್ನೂ ಕಿತ್ತು ಬೂಟಿನೊಳಗೆ ತುರುಕಿದ. ಮುಂದಿನ ಕೋಣೆಯಲ್ಲಿ ಜಮಖಾನೆ, ಗೋಡೆಗೆ ಕರಿಹಲಗೆ, ಕುರ್ಚಿಯ ಮೇಲೆ ಈಶ್ವರ ಮಾಸ್ತರರು. ಅವರು ಮುದುಕರಾಗಿರುತ್ತಾರೆ, ಕೈ ನಡುಗುತ್ತಿರುತ್ತದೆ ಎಂದು ಇಷ್ಟು ದಿನ ಅಂದುಕೊಂಡಿದ್ದ. ತಲೆ ಬೆಳ್ಳಗಾಗಿದ್ದು ಬಿಟ್ಟರೆ ಮನುಷ್ಯ ಹಾಗೇ ಇದ್ದ. ಅದೇ ಟವೆಲು ಭುಜದ ಮೇಲೆ.

"ಯಾರ್ರಿ? ಅಡ್ಮಿಷನ್ನಿಗೇನು? ಯಾರದು, ತಂಗಿದೊ ತಮ್ಮಂದೊ?"

"ಅಡ್ಮಿಷನ್ನಲ್ರಿ ಸರ. ನಾ ಸಿದ್ರಾಯ. ಕುಲಗೋಡದ ಬೀರಸಿದ್ದಪ್ಪನ ಮಗ. ನಿಮ್ಮ ಕಡೆ ಒಂಬತ್ತನೆತ್ತೆ ಇದ್ದೆ."

ಮಾಸ್ತರು ಹುಬ್ಬು ಗಂಟಿಕ್ಕಿ ನೋಡಿದರು. "ಯಾವ ವರ್ಷದಾಂವಪಾ?"

"ನೂರಾಹನ್ನೊಂದು ಅಂದಿದ್ನೆಲ್ರಿ. ನೀವು ಮೂರರ ಮಗ್ಗಿ ಬರಂಗಿಲ್ಲಂದ್ರಿ."

"ಹಂಗ ಎಷ್ಟ ಮಂದಿಗೆ ಅಂದೇನೊ ಏನೊ. ನೆನಪಿಲ್ಲ ತಮ್ಮಾ. ಏನಾಗಬೇಕಿತ್ತು?"

ನೆನಪಿಲ್ಲ. ಸಿದ್ರಾಯನಿಗೆ ಕಾಲ ಕೆಳಗಿನ ಜಮಖಾನೆ ಜರುಗಿದಂತಾಯಿತು. ಹತ್ತು ವರ್ಷ ಈ ಮುಖದ ಜೊತೆ ಜಗಳ ಆಡಿದ್ದ. ಟೈರಿಗೆ ಹೊಡೆದ ಪ್ರತಿ ಸುತ್ತಿಗೆ ಏಟಿನಲ್ಲೂ ಈ ಹುಬ್ಬು ಇತ್ತು. ಜಗಳದ ಆಚೆ ಕಡೆ ಯಾರೂ ನಿಂತೇ ಇರಲಿಲ್ಲವೇ? ಅಂಗಿಯೊಳಗಿಂದ ನೋಟ್‌ಬುಕ್ ತೆಗೆದು ಅವರ ತೊಡೆಯ ಮೇಲೆ ಇಟ್ಟ. ಇಟ್ಟದ್ದು ಎಸೆದಂತೆ ಸದ್ದಾಯಿತು, ಹುಡುಗಿಯರು ಬರೆಯುವುದನ್ನು ನಿಲ್ಲಿಸಿದರು. ಹನ್ನೊಂದು ಸಲ ಬರೆದ ಒಂದು ಯಾವುದಕ್ಕೂ ಭಾಗವಾಗುವುದಿಲ್ಲ, ನೋಡಿ, ಎಂದು ಹೇಳುವಾಗ ದನಿ ಕೀರಲಾಯಿತು. ಎಷ್ಟು ಸಲ ಅಭ್ಯಾಸ ಮಾಡಿದ್ದ ಮಾತು.

ಮಾಸ್ತರು ನಗುವ ತಯಾರಿಯಲ್ಲೇ ಪುಟ ತಿರುವಿದರು. ಎರಡು, ನಾಲ್ಕು, ಹತ್ತು. ನಗು ಬರಲಿಲ್ಲ. ಎರಡು ಸಾಲಿನ ಲೆಕ್ಕವನ್ನು ಹಲಗೆಯ ಮೂಲೆಯಲ್ಲಿ ತಾವೇ ಭಾಗಿಸಿ ನೋಡಿದರು. ಎರಡೂ ಸರಿ ಬಂದವು.

"ಇಪ್ಪತ್ತೆರಡರ ಹೆಜ್ಜಿ ಯಾಕ ಹಿಡದಿ?"

ಹೇಳಿದ. ಐದು ಒಂದರ ಕತೆ, ಏಳು ಒಂದರ ಕತೆ, ಉಳಿಯುವ ಒಂದರ ಕತೆ. ಹೇಳುತ್ತ ಹೇಳುತ್ತ ಅವರ ಮುಖ ಬಿಗಿಯಾದದ್ದು ಕಂಡಿತು.

"ಯಾರ ಹೇಳಿಕೊಟ್ರು?"

"ಯಾರೂ ಇಲ್ರಿ. ನಾನಽ ನೋಡಿದ್ದು."

"ಸುಳ್ಳ ಹೇಳಬ್ಯಾಡ. ಇದು ಡಿಗ್ರಿದಾಗ ಬರೂ ಸಿದ್ಧಾಂತ. ನಾನೂರ ವರ್ಷದ ಹಿಂದಽ ಸಿದ್ಧ ಆಗೇತಿ. ಒಂಬತ್ತನೆತ್ತೆ ಬಿಟ್ಟಾಂವ ಪಂಕ್ಚರ್ ತಗೀತ ತಗೀತ ಕಂಡಹಿಡೀತಿಯೇನು? ಯಾವ ಮೊಬೈಲ್‌ನ್ಯಾಗ ಸಿಕ್ತು, ಹೇಳ."

ಪಂಕ್ಚರ್ ತೆಗೆಯುವವನೆಂದು ಇವನು ಹೇಳಿಯೇ ಇರಲಿಲ್ಲ, ಕೈ ಹೇಳಿತ್ತು. ಮುಷ್ಟಿ ಬಿಗಿಯಿತು, ಗೆಣ್ಣಿನ ಗಾಯ ಮತ್ತೆ ಒಡೆದುಕೊಂಡಿತು. ಆ ಕನ್ನಡಕಕ್ಕೆ ಒಂದು ಬಿಟ್ಟರೆ ಏನಾದೀತು? ನಾನೂರು ವರ್ಷದ ಹಿಂದೆಯೇ ಗೊತ್ತಿದ್ದದ್ದು. ಎಲ್ಲರಿಗೂ ಗೊತ್ತಿತ್ತು, ಇವನಿಗೊಬ್ಬನಿಗೆ ಬಿಟ್ಟು. ಮೂರು ಕುರಿ ಸಾಯಿಸಿ ಕೊಂಡುತಂದದ್ದನ್ನು ಕಳವಿನ ಮಾಲು ಎನ್ನುತ್ತಿದ್ದಾನೆ.

"ಅಪ್ಪಾ, ಅಂವಾ ಖರೆ ಹೇಳಾಕತ್ತಾನ," ಎಂದಿತು ಕುರ್ಚಿಯ ಹಿಂದಿನಿಂದ ಒಂದು ದನಿ. ಮಾಸ್ತರರ ಮಗಳು ಯಶೋಧರಾ, ಗಣಿತದಲ್ಲಿ ಎಂ.ಎಸ್ಸಿ. ಮಾಡುತ್ತಿರುವವಳು, ಆಗಲೇ ಬಂದು ತಂದೆಯ ಭುಜದ ಹಿಂದೆ ನಿಂತು ನೋಡುತ್ತಿದ್ದಳು. "ಗೊತ್ತಿದ್ದಾಂವಾದ್ರ ಇನ್ನೂರ ಪಾನ ಯಾಕ ಕೈಲೆ ಭಾಗಸ್ತಿದ್ದ? ಇಲ್ಲಿ ಕೊಡ್ರಿ." ನೋಟ್‌ಬುಕ್ ತೆಗೆದುಕೊಂಡು ಹಿಂದುಮುಂದು ತಿರುವಿದಳು. ಸಿದ್ರಾಯನಿಗೆ ಉಸಿರು ಮರಳಿತು; ಮರಳಿದ ಕ್ಷಣವೇ ಅವಳ ಬೆರಳು ನಿಂತಿತು. "ಅಣ್ಣಾರ, ಪ್ರತಿ ಪಾನದಾಗ ಮ್ಯಾಲಿನ ಸಾಲಿಗೆ ಶೇಷ ಬರದಿಲ್ಲಲ್ರಿ?"

"ಅದು ಬೀರಪ್ಪಂದ್ರಿ."

ಯಾರೋ ಕಿಸಕ್ಕೆಂದರು. ಯಶೋಧರಾ ನಗಲಿಲ್ಲ. "ಅಂದ್ರ?"

ಅದನ್ನು ಹೇಳಬೇಕಾದೀತೆಂದು ಅವನಿಗೆ ಎಂದೂ ಹೊಳೆದಿರಲಿಲ್ಲ. ದಡ್ಡಿಯಿಂದ ಕುರಿ ಬಿಡುವಾಗ ಸಂದಿಯಲ್ಲಿ ನಿಂತು ಎಣಿಸುತ್ತಾರಲ್ಲ, ಮೊದಲು ದಾಟಿದ ಕುರಿಯನ್ನು ಎಣಿಸುವುದಿಲ್ಲ, ಅದು ಕುಲದೇವರು ಬೀರಪ್ಪನದು. ಅಪ್ಪ ಹಾಗೆ ಎಣಿಸುತ್ತಾನೆ, ಅಜ್ಜ ಹಾಗೆ ಎಣಿಸುತ್ತಿದ್ದ. ನೋಟ್‌ಬುಕ್ಕಿನ ಮೊದಲ ಪುಟದ ಮೊದಲ ಸಾಲಿಗೆ ಬಂದದ್ದು ಒಂದು. ಒಂದರಿಂದ ಏನು ಭಾಗಿಸುವುದು? ಅದನ್ನು ಬೀರಪ್ಪನಿಗೆ ಬಿಟ್ಟು ಎರಡನೆಯ ಸಾಲಿನಿಂದ ಶುರು ಮಾಡಿದ. ಆಮೇಲೆ ಪುಟ ತಿರುವಿದಾಗಲೆಲ್ಲ ಮೇಲಿನ ಸಂಖ್ಯೆಯನ್ನು ಬರೆಯುವುದು, ಕೈ ಮುಗಿದಂತೆ ಒಂದು ಗಳಿಗೆ ನಿಲ್ಲುವುದು, ಕೆಳಗಿನ ಸಾಲಿಗೆ ಇಳಿಯುವುದು. ಬಿಟ್ಟೆನೆಂದು ಅವನಿಗೆ ಅನ್ನಿಸಿರಲೇ ಇಲ್ಲ. ಕೊಟ್ಟೆ ಅನ್ನಿಸಿತ್ತು.

"ಕುರಿ ಹಂಗ ಎಣಸಬೌದು," ಎಂದಳು ಯಶೋಧರಾ, ಮೆಲ್ಲಗೆ. "ದ್ಯಾವರ ಕುರಿನೂ ಹಿಂಡಿನ್ಯಾಗಽ ಇರತೈತೆಲ್ರಿ. ಇಲ್ಲಿ ಇವು ನೋಡದಽ ಉಳದಾವು. ಎರಡನೇ ಪಾನದಿಂದ ಹಿಡದು ಹತ್ತತ್ರ ಇನ್ನೂರು."

ಕೋಣೆ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅಶೋಕ ಜೇಬಿನಿಂದ ಫೋನು ತೆಗೆದ. "ಈಗ ಕೇಳಿ ಬಿಡೂನೇನಲೇ? ಒಂದ ಸೆಕೆಂಡು."

"ಮುಟ್ಟಿದ್ರ ಕೈ ಮುರೀತೇನಿ."

ಮಾಸ್ತರು ಇವನನ್ನು ನೋಡಿದರು. ಮೊದಲ ಸಲ, ಕನ್ನಡಕ ಒರೆಸಿಕೊಳ್ಳದೆ. "ಸರಿ. ಇಲ್ಲಿ ಯಾರೂ ಮೊಬೈಲ್ ಮುಟ್ಟಂಗಿಲ್ಲ. ಕೂತು ಮಾಡ. ನಿನ್ನ ಬಾಯಿಂದ ಏನ ಬರತೈತಿ ಅದನ್ನ ನಾ ಒಪ್ಪತೇನಿ. ಆತಿಲ್ಲೊ?"

ಗೋಡೆಗೆ ಬೆನ್ನು ಕೊಟ್ಟು, ಹಾಳೆಗಳನ್ನು ತೊಡೆಯ ಮೇಲಿಟ್ಟು ಕೂತ. ಎರಡನೆಯ ಪುಟದ ಮೇಲಿನದು 529. ಅದು ಇಪ್ಪತ್ಮೂರು ಇಪ್ಪತ್ಮೂರಲೆ. ಇಪ್ಪತ್ಮೂರಕ್ಕೇ ಹೋಗದ್ದು ಅದಕ್ಕೆ ಹೋಗುವುದಿಲ್ಲ. 1057, ಶೇಷ ಉಳಿಯಿತು. 1585, ಕೊನೆಗೆ ಐದು, ಹೊಡೆದುಹಾಕಿದ. 2113, ಉಳಿಯಿತು. ಮಾಸ್ತರು ಹಲಗೆಯ ಮೇಲೆ ತ್ರಿಕೋನ ಬರೆದು ಪಾಠ ಮುಂದುವರಿಸಿದರು. ಹಳೆಯ ಶಾಲೆಯ ದನಿ ಕಿವಿಯ ಮೇಲಿಂದ ಹರಿಯುತ್ತಿತ್ತು, ಇವನು ಮತ್ತೆ ಕೊನೆಯ ಬೆಂಚಿನಲ್ಲಿದ್ದ. ಯಾರೋ ಚಹಾ ತಂದಿಟ್ಟರು, ಕೆನೆಗಟ್ಟಿತು. ಹತ್ತರ ಬ್ಯಾಚು ಎದ್ದು ಹೋಯಿತು, ಹನ್ನೊಂದರದು ಬಂದು ಕೂತಿತು. ಹೊಸಬರು ಇವನನ್ನು ನೋಡಿ ಪಿಸುಗುಟ್ಟಿದರು. ಪ್ರತಿ ಭಾಗಾಕಾರದ ಕೊನೆಯ ಹೆಜ್ಜೆಯನ್ನು ಎರಡು ಸಲ ಗುಣಿಸಿ ನೋಡುತ್ತಿದ್ದ. ಶೇಷವನ್ನು ಇಷ್ಟು ಪ್ರೀತಿಯಿಂದ ಎಂದೂ ಬರೆದಿರಲಿಲ್ಲ. ಇಪ್ಪತ್ತು ಪುಟ. ಮೂವತ್ತು. ಬೀರಪ್ಪನ ಸಾಲುಗಳೂ ಬೇರೆ ಸಾಲುಗಳಂತೆಯೇ ಇದ್ದವು, ಅವುಗಳಲ್ಲಿ ದೇವರೂ ಇರಲಿಲ್ಲ ದೆವ್ವವೂ ಇರಲಿಲ್ಲ. ಅಪ್ಪನ ಮೇಲೆ ಸಿಟ್ಟು ಬಂತು. ಕೋಲು ಕೊಟ್ಟ, ಎಣಿಕೆ ಕೊಟ್ಟ, ಒಂದನ್ನು ಬಿಡುವುದನ್ನೂ ಕೊಟ್ಟ. ಸಂದಿಯಲ್ಲಿ ನಿಂತು ಮೊದಲ ಕುರಿಯ ಬೆನ್ನನ್ನು ಸವರಿ ಬಿಡುವ ಆ ಕೈ, ಗುಂಡಿ ತೋಡಿದ ಕೈ.

ನಲವತ್ತೆರಡನೆಯ ಪುಟದ ಮೇಲೆ 21649. ಒಂದುಗಳನ್ನು ಸಾಲಾಗಿ ಬರೆದ. ಮೊದಲ ಆರು ಒಂದಕ್ಕೆ ಐದು ಸಲ ಹೋಯಿತು, ಉಳಿದದ್ದು 2866. ಒಂದನ್ನು ಇಳಿಸಿದ, ಒಂದು ಸಲ. ಇಳಿಸಿದ, ಮೂರು ಸಲ. ಎರಡು ಸಲ. ಮತ್ತೆ ಮೂರು ಸಲ, ಉಳಿದದ್ದು 19484. ಕೊನೆಯ ಒಂದನ್ನು ಇಳಿಸಿದಾಗ 194841. ಒಂಬತ್ತಲೆ ನೋಡೋಣವೆಂದು ಬದಿಯಲ್ಲಿ ಗುಣಿಸಿದ. ಒಂಬತ್ತೊಂಬತ್ತಲೆ ಎಂಬತ್ತೊಂದು, ಒಂದು. ನಾಲ್ಕೊಂಬತ್ತಲೆ ಮೂವತ್ತಾರು, ಎಂಟು ಕೂಡಿ ನಲವತ್ನಾಲ್ಕು, ನಾಲ್ಕು. ಬಲದಿಂದ ಒಂದೊಂದೇ ಅಂಕಿ ಕೆಳಗೆ ಬಂದು ಮೇಲಿನ ಅಂಕಿಯ ನೇರಕ್ಕೆ ನಿಲ್ಲತೊಡಗಿತು. ಎಂಟು, ಎಂಟರ ಕೆಳಗೆ. ನಾಲ್ಕು, ನಾಲ್ಕರ ಕೆಳಗೆ. ಅವನು ಬೇಡ ಬೇಡ ಎನ್ನುತ್ತಿದ್ದಂತೆಯೇ ಒಂಬತ್ತು, ಅದರಾಚೆ ಒಂದು. 194841ರ ಕೆಳಗೆ 194841.

ಕಳೆಯಲಿಲ್ಲ. ಪೆನ್ನು ಗೆರೆಯ ಮೇಲೆ ನಿಂತಿತ್ತು. ಮಾಸ್ತರರ ಬೆನ್ನು ಈ ಕಡೆಗಿತ್ತು. ಅಶೋಕ ಹೊಸ್ತಿಲಿಗೆ ಒರಗಿ ತೂಕಡಿಸುತ್ತಿದ್ದ. ಯಶೋಧರಾ ಒಳಗೆ ಹೋಗಿದ್ದಳು. ಕೊನೆಯ ಗುಣಾಕಾರದಲ್ಲಿ ಒಂದೇ ಒಂದು ಅಂಕಿ ಕೆಡಿಸಿದರೆ ಸಾಕು, ಹತ್ತು ಉಳಿಯುತ್ತದೆ, ಇಪ್ಪತ್ತು ಉಳಿಯುತ್ತದೆ. ಪುಟ ತಿರುವಿದರಾಯಿತು. ನಿನ್ನ ಬಾಯಿಂದ ಬಂದದ್ದನ್ನು ಒಪ್ಪುತ್ತೇನೆ ಎಂದು ಮಾಸ್ತರು ಹುಡುಗಿಯರ ಮುಂದೆ ಹೇಳಿದ್ದಾರೆ. ಇಪ್ಪತ್ತಾರು ಮಂದಿಗೆ ಅಷ್ಟು ಸಾಕು. ನಾಳೆ ಯಾರಾದರೂ ಮೊಬೈಲಿಗೆ ಕೇಳಿದರೆ? ಕೇಳುವವನು ಯಾರು, ಅವರಿಗೆ ಇದು ಎರಡು ದಿನದ ಆಟ. ಆದರೆ ತನಗೆ ಗೊತ್ತಿರುತ್ತದೆ. ಗೊತ್ತಿದ್ದರೆ ಏನು? ಗೊತ್ತಿದ್ದೂ ಬದುಕುವ ಮಂದಿಯೇ ಊರ ತುಂಬ ಇದ್ದಾರೆ. ಅಂಗೈಯ ಬೆವರಿಗೆ ಹಾಳೆ ಅಂಟಿಕೊಂಡಿತು. ಮೇಲಿನ ಉತ್ತರವನ್ನು ನೋಡಿದ: 513239. ಒಂದೂವರೆ ವರ್ಷ ಹುಡುಕಿ ಇಲ್ಲವೆಂದು ಸಾರಿದ್ದು ಈಗ ಎರಡು ಹೋಳಾಗಿ ತೊಡೆಯ ಮೇಲೆ ಕೂತಿತ್ತು. ನೋವಾಗುತ್ತಿತ್ತು, ಖರೆ, ಆದರೆ ನೋಡದೆ ಇರಲೂ ಆಗುತ್ತಿರಲಿಲ್ಲ. ಅಷ್ಟು ಉದ್ದದ ನುಣ್ಣನೆಯ ಗೆರೆಗಳ ಸಾಲು, ಒಳಗೆ ಇಷ್ಟು ಒರಟಾದ ಎರಡು ಅಂಕಿ. ಇದನ್ನು ಅಳಿಸುವುದೆಂದರೆ ಎಂಥದ್ದನ್ನೋ ಕೊಂದಂತೆ. ಕೊಂದದ್ದು ಸಾಕು.

ಎದ್ದ. ಮೊಳಕಾಲು ಜೋಮು ಹಿಡಿದಿತ್ತು. ಮಾಸ್ತರರ ಪಕ್ಕ ಹೋಗಿ, ಕೇಳದೆಯೇ ಅವರ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡ. ತ್ರಿಕೋನದ ಕೆಳಗೆ ಬರೆದ: 11111111111 = 21649 × 513239. ಗೆಣ್ಣಿನ ರಕ್ತ ಸುಣ್ಣಕ್ಕೆ ಹತ್ತಿ ಸಮಚಿಹ್ನೆ ಕೆಂಪಾಯಿತು.

"ಭಾಗ ಆಕ್ಕೈತ್ರಿ. ನಾ ಅಂದಿದ್ದು ತಪ್ಪು." ಯಾರೂ ಅನ್ನುವ ಮೊದಲೇ ತಾನೇ ಅನ್ನಬೇಕಿತ್ತು. ಅಂದ.

ಅಶೋಕ ಎಚ್ಚರಾಗಿ ಕಣ್ಣುಜ್ಜಿಕೊಂಡ. ಮಾಸ್ತರು ಹಲಗೆಯ ಮೇಲೆ ಬೆರಳಿಟ್ಟು ಎರಡೂ ಸಂಖ್ಯೆಯನ್ನು ಓದಿದರು. ಕೊನೆಗೆ ಮಾಸ್ತರಿಕೆಯೇ ಗೆದ್ದಿತು. "ಈ ಎರಡನೇದು, ಐದು ಲಕ್ಷದ್ದು. ಇದು ಒಡೀತೈತೊ ಇಲ್ಲೊ? ಅದನ್ನೂ ಮಾಡಿ ಮುಗಸ. ಇನ್ನೊಂದ ತಾಸ ಆದೀತು."

"ಬ್ಯಾಡ್ರಿ. ಅದು ಒಡ್ಯಾಂಗಿಲ್ಲ."

"ಮಾಡದಽ ಹೆಂಗ ಹೇಳತಿ?"

"ಮಾಡೇನ್ರಿ. ಅದು ಒಡೀತಂದ್ರ, ಒಡ್ಯೂದು ಏಳನೂರಾ ಹದಿನೇಳರ ಒಳಗ ಸಿಗಬೇಕು. ಅದನ್ನ ಒಡ್ಯೂದು ಇದನ್ನೂ ಒಡ್ಯಾಕಬೇಕು, ಈ ಹನ್ನೊಂದು ಒಂದನ್ನ. ಏಳನೂರಾ ಹದಿನೇಳರ ಒಳಗಿಂದೆಲ್ಲಾ ಮೊದಲಿನ ಎರಡ ಪಾನದಾಗ ಬಂದ ಹೋಗೇತಿ. ಒಂದಕ್ಕೂ ಹೋಗಿಲ್ಲ. ಈಗ ಮ್ಯಾಲಿನ ಸಾಲೂ ತುಂಬೇತ್ರಿ."

ಹೇಳಿ ಮುಗಿಸಿದ ಮೇಲೆ ಅವನಿಗೇ ಅಚ್ಚರಿ. ಆ ಮಾತು ಬರುವವರೆಗೆ ತನಗೆ ಅದು ಗೊತ್ತಿದೆಯೆಂದು ಗೊತ್ತಿರಲಿಲ್ಲ. ಮಾಸ್ತರು ಕುರ್ಚಿಯ ಮೇಲೆ ಕೂತರು. ತುಟಿ ಅಲುಗುತ್ತಿತ್ತು, ಒಂದೊಂದೇ ಹೆಜ್ಜೆ ಹಿಂಬಾಲಿಸುತ್ತಿದ್ದರು, ಎಲ್ಲೋ ಎಡವಿ ಮತ್ತೆ ಮೊದಲಿನಿಂದ. "ಇನ್ನೊಮ್ಮೆ ಹೇಳ," ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ, ಅದಕ್ಕೇ ಸಿದ್ರಾಯನಿಗೆ ತಡೆಯಲಾಗಲಿಲ್ಲ. ಹತ್ತು ವರ್ಷ ಬೇಕೆಂದದ್ದು ಇದೇ ಏನು? ಇದರ ರುಚಿ ಇಷ್ಟೇ ಏನು? ಮುಂದಿನ ಸಾಲಿನ ಹುಡುಗಿ ಇವನ ಮಾತನ್ನು ತನ್ನ ನೋಟ್‌ಬುಕ್ಕಿಗೆ ಇಳಿಸುತ್ತ, "ಏಳನೂರಾ ಎಷ್ಟ್ರಿ ಸರ?" ಎಂದು ಕೇಳಿದಳು. ಮಾಸ್ತರು ಬಾಯಿ ತೆರೆದರು. ಅವಳು ನೋಡುತ್ತಿದ್ದದ್ದು ಅವರನ್ನಲ್ಲ.

"ಹದಿನೇಳು," ಎಂದು ಹೇಳಿ ಸಿದ್ರಾಯ ಹೊರಗೆ ಬಂದ.

ಕಾಲ್ಚೀಲವನ್ನು ಜೇಬಿಗೆ ತುರುಕಿ ಬೂಟಿಗೆ ಕಾಲು ತೂರಿಸಿದ. ಅಶೋಕ ಬೈಕಿನ ಸೀಟಿಗೆ ಒರಗಿ ಫೋನು ಹಿಡಿದು ನಿಂತಿದ್ದ. "ಕೇಳಿಲ್ಲಿ. ಮಾಸ್ತರ ಒಪ್ಪಿದ್ರು ಅಂತ ಹಾಕ್ಲಿ? ಒಪ್ಪಿದ್ದಂತೂ ಖರೆ ಐತೆಲ್ಲ. ಏನ ಒಪ್ಪಿದ್ರು ಅಂತ ಯಾವ ಮಗಾ ಕೇಳತಾನು?"

"ಕೊಡಿಲ್ಲಿ."

"ಲೇ, ಜನ್ಮ ಪೂರ್ತಿ ಕರೀತಾರ ಲೇ."

ಫೋನು ಕಿತ್ತುಕೊಂಡ. ಬಿಸಿಲಿಗೆ ಪರದೆ ಕಾಣುತ್ತಿರಲಿಲ್ಲ. ಗೋಡೆಯ ನೆರಳಿಗೆ ಹೋಗಿ ಒತ್ತಿದ: ನಾನು ಸಿದ್ರಾಯ. ಹನ್ನೊಂದು ಒಂದು ಭಾಗ ಆಗುತ್ತದೆ. ನಾನು ಹೇಳಿದ್ದು ತಪ್ಪು. ಕೆಳಗೆ ಎರಡೂ ಸಂಖ್ಯೆಯನ್ನು ಬರೆದು ನಡುವೆ ಗುಣಾಕಾರದ ಗುರುತು ಹಾಕಿದ. ಕಳಿಸಿದ. ನಗುವ ಮುಖಗಳು ಸಾಲುಗಟ್ಟಿ ಬಂದವು, ನಾಲ್ಕು, ಒಂಬತ್ತು, ಹದಿನಾಲ್ಕು. ನೂರಾಹನ್ನೊಂದು ಎಂದ ಒಬ್ಬ. ಇನ್ನೊಬ್ಬ ಅದನ್ನೇ ದೊಡ್ಡದಾಗಿ ಬರೆದ. ಸಿದ್ರಾಯ ಎಲ್ಲವನ್ನೂ ಓದಿದ, ಒಂದನ್ನೂ ಬಿಡಲಿಲ್ಲ. ಕಿವಿಯ ಬುಡ ಬಿಸಿಯಾಯಿತು, ಹಲ್ಲು ಕಚ್ಚಿಕೊಂಡ, ಸಿಟ್ಟು ಇದ್ದಲ್ಲೇ ಇತ್ತು. ಆಮೇಲೆ ಇನ್ನೊಂದು ಸಾಲು ಒತ್ತಿದ.

"ಗುಣಿಸಿ ನೋಡ್ರಿ. ಕೈಲೆ."

ನಗುವ ಮುಖಗಳು ಬರುವುದು ನಿಂತಿತು. ಯಾರೋ ಬರೆಯುತ್ತಿದ್ದಾರೆ ಎಂದು ಪರದೆ ತೋರಿಸಿತು, ನಿಂತಿತು. ಇನ್ನೊಬ್ಬರು ಬರೆಯತೊಡಗಿದರು; ಅವರೂ ನಿಂತರು. ಅವನು ಗೋಡೆಗೆ ಒರಗಿ, ಬೂಟಿನ ಲೇಸು ಕಟ್ಟದೆ, ಕಾಯುತ್ತ ನಿಂತ.